ತಕ್ಕದ್ದು, ಬಹುದು

ಮಂಡ್ಯದ ಕೋರ್ಟಿನ ನಕಲು ವಿಭಾಗದಲ್ಲಿ
ಹತ್ತೊಂಬತ್ತು ವರ್ಷದಿಂದ ನಾನು ಕುಟ್ಟಿದ್ದು ಎರಡೇ ಪದ:
ತಕ್ಕದ್ದು. ಬಹುದು.
ಉಳಿದದ್ದೆಲ್ಲ ಹೆಸರು, ದಿನಾಂಕ, ಸರ್ವೆ ನಂಬರು.

ಶಿರಸ್ತೇದಾರ್ ಲಿಂಗಣ್ಣಯ್ಯ ಮೊದಲ ದಿನವೇ ಅಂದಿದ್ದರು:
'ಒಂದು ಹಗ್ಗ, ಒಂದು ಬಾಗಿಲು.
ಅದಲುಬದಲು ಮಾಡಿದೆಯೋ, ಇಂಕ್ರಿಮೆಂಟ್ ಕಟ್.'

ತಕ್ಕ ಎಂದರೆ ಒಪ್ಪುವಂಥದು.
ಕಾಲಿಗೆ ತಕ್ಕ ಕೆರ, ತಾಳಕ್ಕೆ ತಕ್ಕ ಹೆಜ್ಜೆ.
ಇಂಥ ಸಾಧು ಪದ ಯಾವ ಕಚೇರಿಯಲ್ಲಿ ಯಾರ ಕೈಗೆ ಸಿಕ್ಕು
ಲಾಠಿ ಹಿಡಿಯಿತೋ!
ಬಹುದು ಇನ್ನೂ ಹಳಬ, ಬರು ಧಾತುವಿನ ಮಗ,
ಜಗುಲಿಯಲ್ಲಿ ಕೂತು ಬಂದರೆ ಬಾ ಅನ್ನುವವನು.
ಆದರೆ ನಿಷೇಧಕ್ಕೆ ತಿರುಗಿಸಿ ನೋಡಿ:
ತಕ್ಕದ್ದಲ್ಲ. ಅಜ್ಜಿ ಮೂಗು ಮುರಿದ ಹಾಗೆ, ಬರೀ ಬುದ್ಧಿವಾದ.
ಬಾರದು. ಕದ ಜಡಿದು ಅಗುಳಿ ಹಾಕಿದ ಸದ್ದು.
ಮೆತ್ತಗಿದ್ದವನು ಮುನಿದರೆ ಇಷ್ಟು ಗಟ್ಟಿ.

ಕೆರಗೋಡಿನ ಶಿವರತ್ನಳ ಆದೇಶ ಕುಟ್ಟಿದ್ದೂ ನಾನೇ.
'ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ
ತಾಯಿಯು ಮಗುವನ್ನು ಕಾವೇರಿವನದ ಗೇಟಿಗೆ ಕರೆತರತಕ್ಕದ್ದು.
ತಂದೆಯು ಮಗುವನ್ನು ಕಾಣಬಹುದು.'
ಆವತ್ತು ಬೆರಳಿಗೇನೂ ಚುಚ್ಚಲಿಲ್ಲ.
ಮುಗಿಸಿ ಕಾಫಿಗೆ ಹೋದೆ.

ಆರು ತಿಂಗಳ ಮೇಲೆ ಬಂದಳು,
ನಕಲು ಮಡಿಕೆಯಲ್ಲೇ ಹರಿದಿತ್ತು.
'ಆರ್ ಸಲವೂ ಹೋಗಿವ್ನಿ ಸಾ. ಅವ್ನು ಒಂದೇ ಸಲ ಬಂದವ್ನೆ.
ನಂಗೊಂಥರ ಅವ್ನಿಗೊಂಥರ ಯಾಕ್ ಬರ್ದ್ರಿ?'
ಬರೆದದ್ದು ನಾನಲ್ಲ, ಕುಟ್ಟಿದ್ದಷ್ಟೇ ಅಂದೆ.
ಅಂದ ಮೇಲೆ ಅವಳ ಮುಖ ನೋಡಲಾಗಲಿಲ್ಲ.

ಬೆಂಚಿನ ಮೇಲೆ ಮೋನಿಷ, ಐದು ವರ್ಷ,
ನನ್ನ ಇಂಕಿನ ಪ್ಯಾಡಿಗೆ ಒಂದೊಂದೇ ಬೆರಳೊತ್ತುತ್ತ
ತಲೆಯೆತ್ತದೆ ಕೇಳಿತು:
'ಅವ್ವ, ಈ ಭಾನ್ವಾರ ಅಪ್ಪ ಬರಬೌದಾ?'

ಅಪ್ಪಣೆಯೋ, ಅಂದಾಜೋ?
ಸಾಹೇಬರು ಕೊಟ್ಟದ್ದು ಮೊದಲನೆಯದು,
ಮಗು ಕೇಳುತ್ತಿರುವುದು ಎರಡನೆಯದು,
ಎರಡಕ್ಕೂ ಕನ್ನಡದಲ್ಲಿ ಅದೊಂದೇ ಬಹುದು.
'ಬರಬೌದು' ಅಂದಳು ಶಿವರತ್ನ,
ಸೆರಗಿನ ತುದಿಗೆ ಉಗುಳು ಹಚ್ಚಿ
ಅದರ ಬೆರಳ ಮಸಿ ಒರೆಸುತ್ತ.

ಸಕ್ಕರೆ ಫ್ಯಾಕ್ಟರಿಯ ಮಡ್ಡಿ ವಾಸನೆ ಕಿಟಕಿಯಿಂದ ಬಂತು.
ಕೀಲಿಮಣೆಯ ಮೇಲೆ ನನ್ನ ಬೆರಳು
ಯಾರೂ ಹೇಳದೆ ತ ಅಕ್ಷರದ ಮೇಲೆ ನಿಂತಿತ್ತು.
ಮೊಹರು ಬಿದ್ದ ಮೇಲೆ ಒಂದಕ್ಷರವನ್ನೂ ತಿದ್ದಬಾರದು.
ತಕ್ಕದ್ದಲ್ಲ ಅಂತ ಮಾತ್ರ ಇದ್ದಿದ್ದರೆ
ತಿದ್ದಿಬಿಡುತ್ತಿದ್ದೆನೇನೋ.