ಗುಳೇದಗುಡ್ಡ ರೋಡ್

ಹೆಸರಿನ ಬಾಲಕ್ಕೆ ರೋಡ್ ಅಂತ ಇದ್ದರೆ
ತಿಳಕೋ ತಂಗಿ, ಅಲ್ಲಿ ಊರು ಇರೂದುಲ್ಲ,
ಅನ್ನುತ್ತಿದ್ದ ಟಾಂಗಾದ ದಾವಲಸಾಬ.
ರೈಲಿನವರು ಸುಳ್ಳು ಹೇಳೂದುಲ್ಲ.
ಪೂರಾನೂ ಹೇಳೂದುಲ್ಲ.

ಅಪ್ಪ ಪಾಯಿಂಟ್ಸ್‌ಮನ್. ಹಳಿಯ ಪಕ್ಕ
ಒಂದೂವರೆ ಕೋಣೆಯ ಕ್ವಾರ್ಟರ್ಸು.
ಕೊಡದ ಮೇಲಿನ ತಾಟು ನಡುಗಿದರೆ
ಅವ್ವ ಒಲೆಯ ಮುಂದಿನಿಂದಲೇ ಹೇಳುವಳು:
ಇದು ಮಾಲು, ಇದು ಪ್ಯಾಸೆಂಜರು,
ಇದು ಬರೇ ಇಂಜಿನ್ನು, ಉಪವಾಸ ಹೊಂಟೈತಿ.

ಬೆತ್ತದ ಬಳೆಗೆ ಚರ್ಮದ ಚೀಲ,
ಚೀಲದೊಳಗೆ ಕಬ್ಬಿಣದ ಗುಂಡು.
ಗುಂಡು ಯಾರ ಕೈಗೋ ಬಾದಾಮಿಯ ತನಕ ಹಳಿ ಅವರದು.
ಓಡುವ ಇಂಜಿನ್ನಿಗೆ ಅಪ್ಪ ತೋಳು ಚಾಚಿ ನಿಂತಾಗ
ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.
ಆ ತೋಳಿನ ಕಪ್ಪು ಗುರುತು
ಅವನನ್ನು ಮೀಯಿಸುವ ದಿನವೂ ಇತ್ತು.

ಬರಕ್ಕೆ ಕಾಳು ಬರಲೆಂದು ಹಾಕಿದ ಹಳಿ ಇದು,
ದಾವಲಸಾಬನ ಮುತ್ತ್ಯಾ ಏರಿಗೆ ಮಣ್ಣು ಹೊತ್ತಿದ್ದನಂತೆ,
ಬುಟ್ಟಿಗೊಂದು ಕವಡೆ, ಸಂಜೆಗೆ ಎಣಿಸಿ ಕೂಲಿ.
ಕಾಳು ಬಂತೇನೋ ಮುತ್ತ್ಯಾ?
ಮೊದಲು ಅರಳಿ ಹೋತು, ಅಂದನಂತೆ ಮುದುಕ.
ಅರಳಿ ಅಂದರೆ ಹತ್ತಿ.
ಇದನ್ನು ಹೇಳಿ ದಾವಲಸಾಬ ಕುದುರೆಗೆ ನಗುತ್ತಿದ್ದ,
ನಮಗಲ್ಲ.

ನಾಲ್ಕು ಟಾಂಗಾ, ಒಂದು ಕಲ್ಲಿನ ದೋಣಿ,
ಬೇವಿನ ನೆರಳು ಸರಿದಂತೆ ಸರಿವ ಕುದುರೆಗಳು.
ಗುಡ್ಡ ಸುತ್ತಿ ಬರುತ್ತಿದ್ದವು ಖಣದ ಗಂಟು,
ಸೂಜಿಮಲ್ಲಿಗೆ, ಆನೆಹೆಜ್ಜೆ, ಕೆಂಪು ದಡಿ,
ಪುಣೆಯ ಯಾರದೋ ತೋಳಿಗೆ ಹೋಗತಕ್ಕವು.

ಒಮ್ಮೆ ಗಂಟಿನ ಮೇಲೆಯೇ ಕೂತು ಬಂದಳು
ನೇಕಾರರ ಓಣಿಯ ಶಂಕ್ರವ್ವ.
ಎಲ್ಲಿಗೂ ಹೋಗಲಿಕ್ಕಲ್ಲ, ನೋಡಲಿಕ್ಕೆ.
ಪುಣೆ ಯಾವ ಕಡೆ? ಅಂದಳು.
ಅಪ್ಪ ಹಸಿರು ಬಾವುಟದಿಂದ ಬಡಗಣಕ್ಕೆ ತೋರಿಸಿದ.
ಬಹಳ ಹೊತ್ತು ನೋಡಿ,
ನೆಟ್ಟಗ ಐತಲ್ಲ, ಅಂದಳು,
ಹಾಸು ಬಿಗಿದ ಮಗ್ಗದ ಮುಂದೆ ಅಂದಂತೆ,
ಅದೇ ಟಾಂಗಾದಲ್ಲಿ ವಾಪಸ್ಸು ಹೋದಳು.

ಟಾಂಗಾ ಕೊಂದದ್ದು ರೈಲಲ್ಲ, ಟೆಂಪೋ.
ಖಣ ಬಸ್ಸಿನ ತಲೆಯೇರಿತು.
ಮೂರು ಟಾಂಗಾ ಮುರಿದವು, ನಾಲ್ಕನೆಯದರ ಗಾಲಿ
ಚಹದಂಗಡಿಯ ಬಾಗಿಲಿಗೆ ಒರಗಿತು.
ಆಮೇಲೆ ಮೀಟರ್‌ಗೇಜೂ ಕಿತ್ತರು.
ಗಾಡಿಯಿಲ್ಲದ ಆ ದಿನಗಳಲ್ಲಿ ಅವ್ವನಿಗೆ
ಹಾಲು ಯಾವಾಗ ಇಳಿಸಬೇಕೆಂಬುದೇ ತಿಳಿಯದೆ
ಎರಡು ಸಲ ಉಕ್ಕಿಸಿದಳು.

ಹೊಸ ಹಳಿ ಬಿತ್ತು, ಬ್ರಾಡ್‌ಗೇಜು.
ದಾವಲಸಾಬ ಕುಕ್ಕರಗಾಲಲ್ಲಿ ಕೂತು
ಹೆಚ್ಚಾದ ಅಗಲವನ್ನು ಕೈಯಿಂದ ಅಳೆದ:
ಮೂರು ಗೇಣು, ಅರ್ಧ ಬೆರಳು ಕಮ್ಮಿ.
ಎದ್ದು ಮೊಣಕಾಲ ಧೂಳು ಝಾಡಿಸಿ ಅಂದ:
ಅಗಲಂತೂ ಆತು.
ಊರಿಗೆ ಒಂದ ಗೇಣರ ಸಮೀಪ ಬಂತೇನ?

ಮೊನ್ನೆ ಇಳಿದೆ. ನಾನೊಬ್ಬಳೇ.
ಕಲ್ಲಿನ ದೋಣಿಯಲ್ಲಿ ಮಳೆಯ ನೀರು, ಒಂದು ಗುಟಕಾ ಚೀಟಿ.
ಆಟೋದ ಹುಡುಗ ಕೇಳಿದ, ಗುಳೇದಗುಡ್ಡಕ್ಕೇನ್ರಿ?
ಇಲ್ಲಪ್ಪ, ರೋಡಿಗೇ ಬಂದೀನಿ.
ಅಂಥ ಸವಾರಿಯನ್ನು ಅವನು ಕಂಡಿರಲಿಲ್ಲ.
ಇಂಜಿನ್ ಬಂದ್ ಮಾಡಿ
ಬೇವಿನ ನೆರಳಿಗೆ ಆಟೋವನ್ನು
ಕೈಯಿಂದಲೇ ದೂಡಿಕೊಂಡು ಬಂದ.