ಬೆನ್ನು, ಹಲ್ಲು, ಹೊಟ್ಟೆ, ಬಾಲ

ಕೂತ್ಕೊಳ್ಳಿ ತಾಯಿ. ಗೋಬಿಯ ಅಂಚಿನಿಂದ
ಬೈಕಿನಲ್ಲಿ ಬಂದಿದ್ದೀರಿ, ಹುಬ್ಬಿನ ಮೇಲೆ ಇನ್ನೂ ಹಿಮದ ಪುಡಿ.
ನೀವು ಕಳಿಸಿದ ಕಾಪಿ ಪುಸ್ತಕ ಕಪಾಟಿನಲ್ಲೇ ಇದೆ.
ಮೊದಲ ಹಾಳೆ ಮಾತ್ರ ತುಂಬಿದೆ. ಅವನನ್ನು ಬೈಯಬೇಡಿ,
ಮುಚ್ಚಿಟ್ಟವಳು ನಾನೇ.

ನಮ್ಮ ಹಳೆಯ ಲಿಪಿ ಮೇಲಿಂದ ಕೆಳಗಿಳಿಯುವುದು,
ನಿಮಗೂ ಗೊತ್ತು:
ಅಕ್ಷರಕ್ಕೊಂದು ಬೆನ್ನು, ಬೆನ್ನಿಗೆ ಹಲ್ಲು,
ಹೊಟ್ಟೆ, ಕೊನೆಗೊಂದು ಬಾಲ.
ಇರ್ಮೂನ್ ಬರೆದರೆ ಬೆನ್ನೇ ಕುಸಿದು ಕೂರುತ್ತಿತ್ತು,
ಹೊರೆ ಹೊತ್ತ ಮುದಿ ಒಂಟೆಯ ಹಾಗೆ.
ಹಲ್ಲು ಉದುರಿ ಎಲ್ಲೆಲ್ಲೋ.
ಪೆನ್ಸಿಲ್ ಹಿಡಿದರೆ ಗೂಟ ಹಿಡಿದಂತೆ, ಮುಷ್ಟಿ ಬಿಗಿದು.
ಹಾಳೆಯ ಹಿಂಬದಿಯನ್ನು ಕಣ್ಣುಮುಚ್ಚಿ
ಬೆರಳಿಂದ ಓದಬಹುದಿತ್ತು.

ಬೆನ್ನುಳ್ಳ ಅಕ್ಷರ
ಬೆನ್ನು ನಿಲ್ಲದ ಹುಡುಗನಿಂದ ಹೇಗೆ ಹುಟ್ಟೀತು?

ಹೊರಗೆ ಅಟ್ಟಿದೆ.
ಗೋಲಿನ ಅಡ್ಡಕಂಬಿಗೆ ಜೋತುಬೀಳು ಅಂದೆ, ಕೈಗವಸು ಹಾಕಿಕೊಂಡೇ.
ಮೊದಲ ದಿನ ಮೂರೆಣಿಸುವಷ್ಟರಲ್ಲಿ ದೊಪ್ಪ.
ಹಾಸ್ಟೆಲಿನ ಓಣಿಯುದ್ದ ಕೈಯೂರಿ ನಡೆದ;
ಕಾಲು ಹಿಡಿದವಳು ಸರಂಗುವಾ, ಆರನೇ ಕ್ಲಾಸಿನ ಜೂಡೋ ಹುಡುಗಿ,
ಕರುಣೆ ಸ್ವಲ್ಪ ಕಡಿಮೆ.
ಅಡುಗೆಮನೆಯ ಸೊದ್ನೋಮಣ್ಣ ಹಿಟ್ಟು ನಾದಲು ಕರೆದ,
ಬೂಜ್ ಕಡುಬಿನ ಅಂಚು ಚಿವುಟಿ ಚಿವುಟಿ ಮುಚ್ಚುವುದು ಕಲಿಸಿದ.
ಎಷ್ಟೋ ಕಡುಬು ಹಬೆಯಲ್ಲಿ ಬಾಯ್ಬಿಟ್ಟವು.
ಅವನ್ನೂ ತಿಂದೆವು.

ಸಂಜೆಗೆ ಶಗೈ.
ಕುರಿಯ ಕೀಲುಮೂಳೆ ಕಂಬಳಿಯ ಮೇಲೆ ಚೆಲ್ಲಿ
ಕುದುರೆಗೆ ಕುದುರೆ, ಮೇಕೆಗೆ ಮೇಕೆ,
ನಡುಬೆರಳಿನ ಒಂದೇ ಚಿಮ್ಮು. ಪಕ್ಕದ್ದು ಅಲುಗಕೂಡದು.
ಒಂದು ಸಂಜೆ, ಉಸಿರು ಬಿಗಿಹಿಡಿದು ಗುರಿ ನೋಡುತ್ತ,
ಅವನಿಗೇ ತಿಳಿಯದೆ ಬಿಚ್ಚಿಕೊಂಡಿತು ಆ ಮುಷ್ಟಿ.
ವರ್ಷವಿಡೀ ನಾನು ಬಿಡಿಸಲಾಗದ ಗಂಟು.

ನನ್ನ ಕಾಲದಲ್ಲಿ ಗೆಣ್ಣಿನ ಮೇಲೆ ಅಳತೆಕೋಲು.
ನೋಡಿ, ಈ ಕಿರುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ.
ಅಕ್ಷರ ಮುತ್ತಿನಂತಿದೆ ಅನ್ನುತ್ತಾರೆ ಎಲ್ಲರೂ.
ಇರಲಿ.

ಇಗೋ, ಸೋಮವಾರದ್ದು. ಕುದುರೆ ಅಂತ ಬರೆದಿದ್ದಾನೆ.
ಹಲ್ಲೊಂದು ಹೆಚ್ಚು. ಹೊಟ್ಟೆ ಉಬ್ಬಿಹೋಗಿದೆ,
ಗಬ್ಬದ ಕುದುರೆ ಅಂತ ಅವನದೇ ಸಮಜಾಯಿಷಿ.
ಆದರೆ ಬೆನ್ನು ನೋಡಿ.
ಬಾಲದ ಬೀಸು ನೋಡಿ, ಹಾಳೆ ದಾಟಿ
ನನ್ನ ಮೇಜಿನ ಮೇಲೂ ಒಂದು ಗೆರೆ.

ಕಾಪಿ ಪುಸ್ತಕ ವಾಪಸು ಒಯ್ಯಿರಿ, ಒಲೆಗಾದರೂ ಆದೀತು.
ಮುಂದಿನ ಸಲ ಬರುವಾಗ ಮನೆಯಲ್ಲಿ ಕೀಲುಮೂಳೆ ಇದ್ದರೆ ತನ್ನಿ,
ನಾಲ್ಕು ಸಾಕು.
ನಮ್ಮವು ನಾಲ್ಕು ಕಾಣುತ್ತಿಲ್ಲ.
ಅವನ ದಿಂಬಿನ ಕೆಳಗಿವೆ. ನಾನಿನ್ನೂ
ಕೇಳಿಲ್ಲ.