ಭೇಟಿಯ ಉದ್ದೇಶ

ಮೂರನೆಯ ಪತ್ರವೂ ಅದೇ ಮಾತಾಡಿತು:
'ನೀವು ಮರಳಿ ಹೋಗುವಿರೆಂದು
ನನಗೆ ಮನವರಿಕೆಯಾಗಿಲ್ಲ.'
ಕೆಳಗೆ ಸಹಿಯಿಲ್ಲ, ಒಂದು ಸಂಖ್ಯೆ.
ಅಮ್ಮನಿಗೆ ಫೋನಿನಲ್ಲಿ ಓದಿದೆ, ನಮ್ಮ ಜೋಲಾ ಮಾತಿನಲ್ಲಿ.
'ನನಗೆ' ಅಂದರೆ ಯಾರು, ಕೇಳಿದಳು.
ಗೊತ್ತಿಲ್ಲ ಅಂದೆ.
ಗಂಡಸೋ ಹೆಂಗಸೋ?
ಅದೂ ಗೊತ್ತಿಲ್ಲಮ್ಮ.

ನ್ಯಿಮಾ ಬಾಜಿ, ಅರವತ್ತೊಂದು ವರ್ಷ.
ಗ್ಯಾಂಬಿಯಾ ಹೊಳೆಯ ಬಾಯಲ್ಲಿ, ಕಾಂಡ್ಲಾ ಕಾಡಿನ ಕೆಸರಿಗೆ
ಇಳಿತದ ಹೊತ್ತಲ್ಲಿ ದೋಣಿ ನೂಕಿಕೊಂಡು ಹೋಗಿ
ಬೇರು ಕಚ್ಚಿದ ಸಿಂಪಿಗಳನ್ನು ಕತ್ತಿಯಲ್ಲಿ ಎಬ್ಬಿಸಿ
ಉಬ್ಬರ ಮೊಣಕಾಲು ಮುಟ್ಟುವ ಮೊದಲು
ಮನೆಗೆ ಬಂದವಳು.
ನಲವತ್ತು ವರ್ಷ. ಹೋದ ದಿನವೆಲ್ಲ
ಮರಳಿ ಬಂದವಳು.
ಹೊಳೆಗೆ ಮನವರಿಕೆಯಾಗಿದೆ.
ಹೊಳೆ ಪತ್ರ ಬರೆಯುವುದಿಲ್ಲ.

ಮೊದಲ ಸಲ, ಬಂಜೂಲಿನ ಆ ತಣ್ಣನೆಯ ಕೋಣೆಯಲ್ಲಿ
ಗಾಜಿನ ಮೇಲೆ ಕೈಯಿಡಮ್ಮ ಅಂದರಂತೆ.
ಯಂತ್ರಕ್ಕೆ ಬೆರಳು ಕಾಣಲಿಲ್ಲ.
ಒರೆಸಿ ಇಡು, ಒತ್ತಿ ಇಡು, ಎಣ್ಣೆ ಸವರಿ ಇಡು.
ಚಿಪ್ಪಿನಂಚು ಗೀರಿ ಗೀರಿ ಗೆರೆಯೆಲ್ಲ ಸವೆದು
ಹೆಬ್ಬೆರಳಂತೂ ಬಚ್ಚಲಲ್ಲಿ ಉಳಿದ ಸೋಪಿನ ಚೂರು.
ಮೂರು ತಾಸು ಕೂತು ಆರು ಬೆರಳು ಕೊಟ್ಟು ಬಂದಳು.
ಉಳಿದ ನಾಲ್ಕು ಕೆಲಸಕ್ಕೆ ಬೇಕಲ್ಲ, ಅಂತ ನಕ್ಕಳು.

ಎರಡನೆಯ ಸಲ ಬ್ಯಾಂಕಿನ ಲೆಕ್ಕ.
ಹನ್ನೊಂದು ಸಾವಿರ ದಲಾಸಿ ಒಮ್ಮೆಲೇ ಜಮೆಯಾಗಿದೆ,
ಮೂಲ ವಿವರಿಸಿಲ್ಲ.
ಮೂಲ: ಒಂದು ಟಗರು. ಬಿಳಿ ಮೈ, ಹರಿದ ಎಡಗಿವಿ.
ತಬಸ್ಕಿ ಹಬ್ಬದ ಹಿಂದಿನ ವಾರ
ಊರೆಲ್ಲ ಟಗರು ಕೊಳ್ಳುವಾಗ ಮಾರಿದ್ದು.
ಟಗರಿಗೆ ರಸೀದಿ ಇರುವುದಿಲ್ಲ.
ಕೊಂಡವನನ್ನು ಹುಡುಕಿ, ಹೆಬ್ಬೆಟ್ಟು ಒತ್ತಿಸಿ
ಅಣ್ಣ ಕಾಗದ ಕಳಿಸಿದ. ಮೂರನೆಯದಕ್ಕೆ ಲಗತ್ತಿಸಿದೆ.
ಓದಿದರೋ ಇಲ್ಲವೋ.

ಇಲ್ಲಿ ಡಂಡಿಯಲ್ಲಿ ನಾನು ಬಸ್ಸು ಓಡಿಸುತ್ತೇನೆ.
ಬೆಳಗಿನ ಐದೂ ಹತ್ತರದ್ದು.
ಒದ್ದೆ ಕೊಡೆ ಮಡಿಸುತ್ತ ಹತ್ತುವವರು
'ರಿಟರ್ನ್' ಅನ್ನುತ್ತಾರೆ. ಕೊಡುತ್ತೇನೆ.
ಮನೆ ಯಾರ ಹೆಸರಲ್ಲಿದೆ, ಜಮೀನಿದೆಯೇ,
ನಿಮ್ಮನ್ನು ಹಿಂದಕ್ಕೆಳೆಯಲು ಯಾರಿದ್ದಾರೆ,
ಕೇಳುವುದಿಲ್ಲ.
ಒಂದು ದಿನ ಮಾತ್ರ, ಮುದುಕಿಯೊಬ್ಬಳು 'ರಿಟರ್ನ್' ಅಂದಾಗ
ಖಂಡಿತಾನಾ, ಎಂದುಬಿಟ್ಟೆ.
ಪಾಪ, ಗಾಬರಿಯಿಂದ ಚೀಲ ತಡಕಾಡಿದಳು,
ಯಾವುದೋ ಕಾಗದ ತೋರಿಸಬೇಕೇನೋ ಎಂಬಂತೆ.
ಕ್ಷಮಿಸಿ ಅಂದೆ. ಟೇ ಹೊಳೆಯ ಸೇತುವೆವರೆಗೂ
ಕನ್ನಡಿಯಲ್ಲಿ ಅವಳೇ.

ಮಗಳಿಗೆ ಅಜ್ಜಿಯ ಹೆಸರೇ ಇಟ್ಟೆ.
ಅವಳ ಪಾಸ್‌ಪೋರ್ಟು ಹತ್ತೇ ದಿನಕ್ಕೆ ಅಂಚೆಯಲ್ಲಿ ಬಂತು.
ಹೆಸರಂತೂ ಒಳಗೆ ಬಂದಾಯಿತು.
ಮೊದಲ ಅರ್ಜಿಯಲ್ಲಿ 'ಬಾಣಂತನಕ್ಕೆ' ಎಂದಿತ್ತು.
ಈಗ ಹುಡುಗಿ ಹಲ್ಲು ಬಿದ್ದ ಸಂದಿಯಿಂದ
ಫೋನಿಗೆ ಸೀಟಿ ಹಾಕುತ್ತಾಳೆ,
ಆ ಕಡೆಯಿಂದ ಅಜ್ಜಿಯೂ ಹಾಕುತ್ತಾಳೆ,
ಅವಳಿಗೂ ಅಲ್ಲೇ ಸಂದಿ.

ಸಾಕು ಬಿಡು, ಅಂದಳು ಅಮ್ಮ ಮೊನ್ನೆ.
ಈ ಅರ್ಜಿಗಳ ದುಡ್ಡಲ್ಲಿ ಹೊಸ ದೋಣಿಯೇ ಬರುತ್ತಿತ್ತು.
ಸ್ವಲ್ಪ ಹೊತ್ತು ಸುಮ್ಮನಿದ್ದು,
ಅಲ್ಲಿಯ ಚಳಿಗೆ ಕಾಲುಚೀಲ ಉಣ್ಣೆಯದೇ ಆಗಬೇಕಾ?

ರಾತ್ರಿ ಹನ್ನೊಂದು. ನಾಲ್ಕನೆಯದು.
'ಈ ಹಿಂದೆ ವೀಸಾ ನಿರಾಕರಿಸಲಾಗಿದೆಯೇ?'
ಹೌದು.
'ಎಷ್ಟು ಬಾರಿ? ಕಾರಣ ವಿವರಿಸಿ.'
ನಿಮ್ಮ ಕಾರಣ ನಾನು ವಿವರಿಸಬೇಕು.
ಬೇಡವೆಂದದ್ದೇ ಬೇಡವೆನ್ನಲು ಸಾಕ್ಷಿಯಾಗಿ
ಪುಟದಿಂದ ಪುಟಕ್ಕೆ ನನ್ನ ಜೊತೆಯೇ ಬರುತ್ತದೆ.
ಟಗರಿನದೊಂದು ಫೋಟೋ ಸಿಕ್ಕಿತು, ಅದನ್ನೂ ಸೇರಿಸಿದೆ.

'ಭೇಟಿಯ ಉದ್ದೇಶ.'
ಮೊದಲ ಸಲ ಒಂದು ಪುಟ ಬರೆದಿದ್ದೆ.
ವಾತ್ಸಲ್ಯ ಎಂಬ ಪದ ಕೂಡ ಇತ್ತು ಅದರಲ್ಲಿ.
ಈ ಸಲ ಬರೆದೆ, ಅಳಿಸಿದೆ, ನೀರು ಕುಡಿದು ಬಂದು
ಇಷ್ಟೇ ಉಳಿಸಿದೆ:
ನವೆಂಬರಿನಲ್ಲಿ ಸಿಂಪಿ ತೆಗೆಯುವ ಹಾಗಿಲ್ಲ,
ಮರಿಗಳು ಬಲಿಯಬೇಕು.
ಆಗ ಅವಳಿಗೆ ಬಿಡುವು.
ಮಾರ್ಚಿಗೆ ದೋಣಿ ಹೊರಡುತ್ತದೆ.